ಕಪಿಲೆಯ ಗೋದಲಿ

ಹೊಳೆದಂಡೆಯ ಆ ಪುಟ್ಟ ಕ್ರೈಸ್ತ ಆಶ್ರಮದಲ್ಲಿದ್ದದ್ದು ಮೂವರೇ. ಗುರು ಇನ್ನಾಸಪ್ಪನವರು, ಶಿಷ್ಯ ಚೌರಪ್ಪ, ಕಪಿಲೆ ಎಂಬ ಹಸು.

ಗುರುಗಳು ಶಿಷ್ಯನಿಗೆ ಒಂದು ಪ್ರಶ್ನೆ ಕೊಟ್ಟಿದ್ದರು. "ದೇವರ ಮಗ ಹುಟ್ಟಿದಾಗ ದನ ಮೇವು ತಿನ್ನೋ ಗೋದಲಿಯಲ್ಲೇ ಯಾಕೆ ಮಲಗಿದ? ಸರಿಯಾಗಿ ಹೇಳಿದರೆ ಕ್ರಿಸ್ಮಸ್ ದಿನ ಜನರ ಮುಂದೆ ನಿಂತು ಪ್ರಬೋಧನೆ ಮಾಡೋನು ನೀನು. ಇಲ್ಲದಿದ್ದರೆ ಈ ವರ್ಷವೂ ಗಂಟೆ ಹೊಡಿ."

ಮೂರು ವರ್ಷದಿಂದ ಗಂಟೆ ಹೊಡೆದು ಹೊಡೆದು ಚೌರಪ್ಪನಿಗೆ ಸಾಕಾಗಿಹೋಗಿತ್ತು.

ಒಂದು ವಾರ ಯೋಚಿಸಿ ಬಂದ. "ಬಡವರ ಜೊತೆ ಬಡವನಾಗೋಕೆ, ಗುರುಗಳೇ."

"ಹಸುವಿಗೆ ಹುಲ್ಲು ಹಾಕಿದೆಯಾ?" ಎಂದರು ಗುರುಗಳು.

ಇನ್ನೊಂದು ವಾರ ಬಿಟ್ಟು ಬಂದ. "ನಮಗೆ ದೀನತೆ ಕಲಿಸೋಕೆ."

"ಹುಲ್ಲು ಹಾಕಿದೆಯೇನೋ?"

ಮೂರನೆಯ ಸಲ ಇಪ್ಪತ್ತು ಹಾಳೆ ಬರೆದು ತಂದ. ಗುರುಗಳು ಅದನ್ನು ಮುಟ್ಟಲೂ ಇಲ್ಲ, ಕೊಟ್ಟಿಗೆಯ ಕಡೆ ಕೈ ತೋರಿಸಿದರು. ಚೌರಪ್ಪನಿಗೆ ಮೈಯೆಲ್ಲ ಉರಿಯಿತು. ತಾನು ದೇವರ ಮಾತಾಡಿದರೆ ಈ ಮನುಷ್ಯನಿಗೆ ಹುಲ್ಲಿನದೇ ಚಿಂತೆ.

ಹೇಳಿ ಪ್ರಯೋಜನವಿಲ್ಲ, ಮಾಡಿಯೇ ತೋರಿಸುತ್ತೇನೆ ಎಂದು ಹಟಕ್ಕೆ ಬಿದ್ದ. ಕಪಿಲೆಯ ಮರದ ಗೋದಲಿಯನ್ನೇ ದೇವಾಲಯಕ್ಕೆ ಎಳೆದುತಂದ. ತೆಂಗಿನ ನಾರಿನಿಂದ ತಿಕ್ಕಿ ತೊಳೆದ. ಅಂಚಿಗೆ ಜರಿ ಕಾಗದ ಅಂಟಿಸಿ, ಒಳಗೆ ಹೊಸ ಹುಲ್ಲು ಹಾಸಿದ. ಹಬ್ಬದ ಹಿಂದಿನ ಮಧ್ಯಾಹ್ನ, ಅಳತೆ ನೋಡೋಣವೆಂದು ಬಾಲಯೇಸುವಿನ ಬೊಂಬೆಯನ್ನೂ ಮಲಗಿಸಿದ. ಅವನ ಕಣ್ಣೇ ತುಂಬಿ ಬಂತು.

ಕೊಟ್ಟಿಗೆಯಲ್ಲಿ ಕಪಿಲೆ ಕೂಗುತ್ತಲೇ ಇತ್ತು. ಎರಡು ದಿನದಿಂದ ಚೌರಪ್ಪ ಅದರ ಮೇವನ್ನು ನೆಲಕ್ಕೇ ಹಾಕುತ್ತಿದ್ದ. ಸಗಣಿಯಲ್ಲಿ ತುಳಿದುಹೋದ ಹುಲ್ಲನ್ನು ಅದು ಮೂಸಿಯೂ ನೋಡಿರಲಿಲ್ಲ.

ಗುರುಗಳು ಬಂದರು. "ಗೋದಲಿ ಎಲ್ಲೋ?"

"ಇಲ್ಲೇ ಇದೆ, ಗುರುಗಳೇ. ನೋಡಿ, ಎಷ್ಟು ಚೆನ್ನಾಗಿ..."

"ಆ ಕಡೆ ಹಿಡಿ."

"ಬೊಂಬೆ ತೆಗೆದುಬಿಡ್ತೀನಿ, ತಡೀರಿ."

"ಹಿಡಿ ಅಂದೆ."

ಇದ್ದದ್ದೆಲ್ಲ ಸಮೇತ ಹೊತ್ತುಕೊಂಡು ಹೋಗಿ ಕಪಿಲೆಯ ಮುಂದಿಟ್ಟರು. ಗುರುಗಳು ಜರಿ ಕಾಗದ ಕಿತ್ತು ಶಿಷ್ಯನ ಕೈಗೆ ಕೊಟ್ಟರು. ಎರಡು ದಿನದ ಅಲಂಕಾರ ಅಂಗೈಯಲ್ಲಿ ಮುದ್ದೆಯಾಗಿ ಕೂತಿತು.

"ಹಾಗಾದ್ರೆ ಈ ವರ್ಷವೂ ನನಗೆ ಗಂಟೆಯೇ," ಎಂದ ಚೌರಪ್ಪ, ಸಿಟ್ಟಿನಿಂದ.

ಕಪಿಲೆ ಮೂತಿ ತೂರಿಸಿ ಹುಲ್ಲನ್ನು ಎಳೆದೆಳೆದು ತಿನ್ನತೊಡಗಿತು. ಸುತ್ತಲಿನದು ಮುಗಿಯಿತು. ಬೊಂಬೆಯ ಕೆಳಗಿದ್ದ ಹುಲ್ಲಿಗೂ ನಾಲಿಗೆ ಚಾಚಿತು. ಬಾಲಯೇಸುವಿನ ಕೆನ್ನೆಯ ಮೇಲೆಲ್ಲ ಜೊಲ್ಲು.

ಚೌರಪ್ಪ ಗಾಬರಿಯಿಂದ ಗೋದಲಿಯೊಳಗೆ ಕೈ ಹಾಕಿದ. "ಗುರುಗಳೇ, ಇದು ಸ್ವಾಮಿಯನ್ನೇ ತಿಂದುಬಿಡುತ್ತೆ."

ಗುರುಗಳು ಅವನ ಕೈ ಹಿಡಿದು ಪಕ್ಕಕ್ಕೆ ಸರಿಸಿದರು.

"ತಿನ್ನಲಿ ಅಂತಲೇ ಕಣೋ ಅವನು ತೊಟ್ಟಿಲು ಬಿಟ್ಟು ಇಲ್ಲಿ ಬಂದು ಮಲಗಿದ್ದು. ಪೂಜೆಯ ರೊಟ್ಟಿಯಲ್ಲಿ ನಾವು ತಿನ್ನೋದೂ ಅವನನ್ನೇ ಅಲ್ವೇನೋ? ನಾಳೆ ಜನರ ಮುಂದೆ ನಿಲ್ಲೋನು ನೀನು. ಹಸಿದವರು ಬಂದಾಗ ಅವನನ್ನ ಎತ್ತಿಡಬೇಡ."