ತಿಪ್ಪೇಶ ದೊಡ್ಡಮ್ಮನಿಗೆ ಕಲ್ಲು ತೋರಿಸಿದ್ದು

ಎಲ್ಲರೂ ಹತ್ತಿರ ಬನ್ನಿ, ಗಲಾಟೆ ಮಾಡಬೇಡಿ. ಅರಿಜೋನಾ ಸೀಮೆಯ ಮರಳುಗಾಡಿನಲ್ಲಿ ಟೂಸಾನ್ ಅಂತ ಒಂದು ಊರು. ಅಲ್ಲಿ ಮರಗಳಿಗಿಂತ ಕಳ್ಳಿ ಹೆಚ್ಚು, ಕಳ್ಳಿಗಿಂತ ಬಿಸಿಲು ಹೆಚ್ಚು. ಆ ಊರಲ್ಲಿ ಒಬ್ಬ ತಾಯಿ, ಅವಳಿಗೊಬ್ಬ ಮಗ.

ತಾಯಿ ಸರ್ವಮಂಗಳಮ್ಮ. ಚಿತ್ರದುರ್ಗದ ಹೆಣ್ಣು. ದಾವಣಗೆರೆಯ ಕಾಲೇಜಿನಲ್ಲಿ ಬಿ.ಎಸ್ಸಿ. ಮಾಡಿ, ತಾಮ್ರದ ಗಣಿಯ ಇಂಜಿನಿಯರನ್ನು ಮದುವೆಯಾಗಿ ಬಂದವಳು. ಮಗ ತಿಪ್ಪೇಶ. ಆರಡಿ ಆಳು, ಕಾರು ಓಡಿಸುವುದರಲ್ಲಿ ಎತ್ತಿದ ಕೈ, ಸುಳ್ಳು ಗೊತ್ತಿಲ್ಲ, ಎದುರು ಮಾತು ಗೊತ್ತಿಲ್ಲ. ತಲೆಯ ವಿಷಯ ಹೇಗೆ ಹೇಳೋದು? "ಹಾಲು ನೋಡ್ತಿರಪ್ಪ" ಅಂದರೆ ನೋಡುತ್ತಿದ್ದ. ಉಕ್ಕಿದರೂ ನೋಡುತ್ತಿದ್ದ. ಒಲೆಯೆಲ್ಲ ಹಾಲಾದರೂ ನೋಡುತ್ತಿದ್ದ.

"ಅಯ್ಯೋ ಪೆದ್ದೇ! ನಿನ್ನ ಕಟ್ಟಿಕೊಂಡು ಏನು ಮಾಡಲೋ!" ಎಂದು ಮನೆಯೊಳಗೆ ತಾಯಿ ತಲೆ ಚಚ್ಚಿಕೊಳ್ಳುತ್ತಿದ್ದಳು. ಹೊರಗಿನವರ ಮುಂದೆ ಮಾತ್ರ ಕತ್ತು ನೆಟ್ಟಗೆ. "ನನ್ನ ಮಗ ಹೇಳಿದ ಮಾತು ಮೀರಲ್ಲ!"

ಹೀಗಿರುವಾಗ ದುರ್ಗದಿಂದ ಸರ್ವಮಂಗಳಮ್ಮನ ಅಕ್ಕ ದಾಕ್ಷಾಯಿಣಮ್ಮ ಬಂದಳು. ಒಂದು ತಿಂಗಳು ಇದ್ದು ಹೋಗಲು. ತಂಗಿ ವರ್ಷಗಟ್ಟಲೆ ಅವಳಿಗೆ ಫೋನಿನಲ್ಲಿ ಹೇಳಿದ್ದೇ ಹೇಳಿದ್ದು: "ನಮ್ಮಲ್ಲೂ ಕಲ್ಲಿದೆ ಅಕ್ಕಾ! ಚಿರಿಕಾವಾ ಬೆಟ್ಟ ಅಂತ. ನಮ್ಮ ದುರ್ಗದ ಹಾಗೇ ಒಂದರ ಮೇಲೊಂದು ಕಲ್ಲು!"

ಬಂದವಳು ಕಿಟಕಿಯಿಂದ ನೋಡಿದಳು. ಕಳ್ಳಿ, ಕಾರು, ಕಳ್ಳಿ.

"ಎಲ್ಲೇ ನಿನ್ನ ಕಲ್ಲು, ಮಂಗಳಾ?"

"ಇಲ್ಲಿಂದ ಎರಡು ಗಂಟೆ ದಾರಿ ಅಕ್ಕಾ. ಶನಿವಾರ ಹೋಗೋಣ."

"ನೋಡಾನ. ಕಣ್ಣಲ್ಲಿ ನೋಡ್ದಂಗೆ ನಾನು ಒಪ್ಪಾಕಿಲ್ಲ. ತೋರಿಸ್ದಿದ್ರೆ ಕೇರಿಗೆಲ್ಲ ಹೇಳ್ತೀನಿ, ನಮ್ಮ ಮಂಗಳಾ ಬಾಯಲ್ಲೇ ಕೋಟೆ ಕಟ್ತಾಳೆ ಅಂತ!"

ಸರ್ವಮಂಗಳಮ್ಮನಿಗೆ ಎದೆಗೆ ಚುಚ್ಚಿದಂತಾಯಿತು. ತೋರಿಸದೆ ಕಳಿಸಿದರೆ ಇಡೀ ಕೇರಿ ನಗುತ್ತದೆ. ಗಂಡನಿಗೆ ಶನಿವಾರವೂ ಗಣಿ. ಇವಳೋ, ಹೆದ್ದಾರಿಯಲ್ಲಿ ಲಾರಿ ಕಂಡರೆ ಸ್ಟೀರಿಂಗ್ ಹಿಡಿದುಕೊಂಡೇ ಕಣ್ಣು ಮುಚ್ಚುವವಳು. ಉಳಿದವನು ತಿಪ್ಪೇಶ.

ನಕ್ಷೆ ಹರಡಿದಳು. ನೀರಿನ ಕ್ಯಾನು, ಮಂಡಕ್ಕಿ, ರೊಟ್ಟಿ, ಶೇಂಗಾ ಚಟ್ನಿಪುಡಿ, ಮೊಸರನ್ನ ಎಲ್ಲ ಜೋಡಿಸಿದಳು. ಮಗನನ್ನು ಎದುರಿಗೆ ಕೂರಿಸಿಕೊಂಡು ಪಾಠ ಒಪ್ಪಿಸಿಕೊಂಡಳು.

"ಬೆಳಗ್ಗೆ ಹೊರಡೋದು, ಮಧ್ಯಾಹ್ನ ಕಲ್ಲು ನೋಡೋದು, ದೀಪ ಹಚ್ಚೋ ಹೊತ್ತಿಗೆ ಮನೆ! ಏನಂದೆ?"

"ಬೆಳಗ್ಗೆ ಹೊರಡೋದು, ಮಧ್ಯಾಹ್ನ ಕಲ್ಲು, ದೀಪದ ಹೊತ್ತಿಗೆ ಮನೆ!"

"ಭೇಷ್!"

ಶನಿವಾರ ಬಂತು. ಕಾರು ಗೇಟು ದಾಟಿತ್ತು, ಪಕ್ಕದ ಮನೆಯ ಮುದುಕ ಹಿಂದಿನಿಂದ ಕೂಗಿದ, "ಎಲ್ಲಿಗೆ ಸವಾರಿ?"

"ಅಯ್ಯೋ, ನಿಲ್ಸೋ ನಿಲ್ಸೋ!" ಅಂದಳು ದೊಡ್ಡಮ್ಮ. "ಹೊರಟೋರನ್ನ ಹಿಂದಿನಿಂದ ಕೂಗಿದ್ರೆ ಕೆಲ್ಸ ಕೆಡ್ತದೆ. ಮನೆಗೆ ವಾಪಸ್ ಹೋಗಿ, ಕೂತು, ನೀರು ಕುಡಿದು ಹೊರಡ್ಬೇಕು. ನೆನಪಿಟ್ಕೋ!"

"ಇಟ್ಕೊಂಡೆ ದೊಡ್ಡಮ್ಮ!"

ವಾಪಸ್ ಹೋದರು, ಕೂತರು, ನೀರು ಕುಡಿದರು, ಹೊರಟರು. ಬುತ್ತಿ ಕಟ್ಟಲು ಕೋಳಿಗಿಂತ ಮುಂಚೆ ಎದ್ದಿದ್ದ ಅಕ್ಕತಂಗಿಯರಿಗೆ ಹೆದ್ದಾರಿಯ ತಂಪುಗಾಳಿಗೆ ನಿದ್ದೆ ಬಂತು. ಅರ್ಧ ದಾರಿ ಕಳೆದಿತ್ತು. ಹಿಂದೆ ಬಂದ ಲಾರಿಯವನು ಪೋಂ ಅಂದ.

ತಿಪ್ಪೇಶ ಕಾರು ತಿರುಗಿಸಿದ.

"ಬಂದ್ವೇನೋ?" ಅಂತ ತಾಯಿ ಕಣ್ಣು ಬಿಟ್ಟಳು.

"ಬಂದ್ವಿ ಅಮ್ಮ! ಇಳೀರಿ, ಕೂತ್ಕೊಳ್ಳಿ, ನೀರು ತರ್ತೀನಿ!"

ನೋಡಿದರೆ ತಮ್ಮ ಮನೆ. ತಮ್ಮ ಗೇಟು. ಪಕ್ಕದ ಮನೆಯ ಅದೇ ಮುದುಕ ಕೈ ಬೀಸುತ್ತಿದ್ದಾನೆ.

"ಏನೋ ಇದು!"

"ಲಾರಿಯವನು ಹಿಂದಿನಿಂದ ಕೂಗಿದ ಅಮ್ಮ. ಪೋಂ ಅಂತ."

ದೊಡ್ಡಮ್ಮ ಮಂಡಕ್ಕಿ ಬಾಯಿಗೆ ಹಾಕಿಕೊಂಡು, "ಕಲ್ಲು ಚೆನ್ನಾಗೈತೆ ಕಣೇ ಮಂಗಳಾ, ನಿಮ್ಮ ಮೆಟ್ಟಿಲಿಂದು," ಅಂದಳು.

"ಅಯ್ಯೋ ಪೆದ್ದೇ! ಇನ್ನು ಮೇಲೆ ಹಿಂದಿನಿಂದ ಯಾರು ಕೂಗಿದರೂ ತಿರುಗಬೇಡ! ಮುಂದೆ ನೋಡಿಕೊಂಡು ಹೋಗ್ತಾ ಇರು! ತಿಳೀತಾ?"

"ತಿಳೀತು ಅಮ್ಮ. ಮುಂದೆ ನೋಡಿಕೊಂಡು ಹೋಗ್ತಾ ಇರೋದು!"

ಎರಡನೆಯ ಶನಿವಾರ. ಬೆಳಗ್ಗೆ ಹೊರಡೋದು, ಮಧ್ಯಾಹ್ನ ಕಲ್ಲು ನೋಡೋದು, ದೀಪ ಹಚ್ಚೋ ಹೊತ್ತಿಗೆ ಮನೆ! ದಾರಿಯಲ್ಲಿ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದರು. ಅಕ್ಕತಂಗಿಯರು ಕೈಕಾಲು ತೊಳೆಯಲು ಇಳಿದರು. ತಿಪ್ಪೇಶ ಪೆಟ್ರೋಲು ತುಂಬಿಸಿ ಕೂತ. ಪಕ್ಕದ ಕಾರಿನವರು ಬಾಗಿಲು ದಡ್ ದಡ್ ಅಂತ ಹಾಕಿದರು. ಸರಿ, ಇಬ್ಬರೂ ಹತ್ತಿದರು ಅಂದುಕೊಂಡ. ಹೊರಟ.

"ತಿಪ್ಪೇಶಾ! ನಿಲ್ಲೋ! ಏ ತಿಪ್ಪೇಶಾ!"

ಹಿಂದಿನಿಂದ ಯಾರೋ ಕೂಗುತ್ತಿದ್ದಾರೆ. ತಿರುಗಬಾರದು! ಹೋದ.

ಬಂಕಿನವನ ಫೋನು ಇಸಿದುಕೊಂಡು ತಾಯಿ ತನ್ನ ಫೋನಿಗೇ ಮಾಡಿದಳು. ಅದು ಹಿಂದಿನ ಸೀಟಿನ ಚೀಲದೊಳಗಿಂದ ಕೂಗಿತು. ಹಿಂದಿನಿಂದ! ತಿರುಗಬಾರದು! ಅವನ ಫೋನೋ, ಮನೆಯಲ್ಲಿ. ಕಾರು ಓಡಿಸುವಾಗ ಫೋನು ಮುಟ್ಟಬೇಡ ಎಂದು ತಾಯಿಯೇ ಎಂದೋ ಹೇಳಿದ್ದಳು. ಅವತ್ತಿನಿಂದ ಕಪಾಟಿನಲ್ಲಿಟ್ಟು ಬರುತ್ತಿದ್ದ.

ಬಂಕಿನ ಬೆಂಚಿನ ಮೇಲೆ ಅಕ್ಕತಂಗಿಯರು ಕೂತರು. ಬುತ್ತಿ ಕಾರಿನಲ್ಲಿ ಹೋಗಿತ್ತು. ಬಿಸಿಲು ನೆತ್ತಿಗೆ ಬಂತು, ನೆತ್ತಿಯಿಂದ ಇಳಿಯಿತು.

"ಹೇಳಿದ ಮಾತು ಮೀರಾಕಿಲ್ಲ, ನಿನ್ನ ಮಗ," ಅಂದಳು ದಾಕ್ಷಾಯಿಣಮ್ಮ.

ಹೊತ್ತು ವಾಲಿದ ಮೇಲೆ ಕಾರು ಬಂತು. ತಿಪ್ಪೇಶ ಹಲ್ಲು ಬಿಟ್ಟುಕೊಂಡು ಇಳಿದ.

"ಅಮ್ಮ! ಕಲ್ಲು ಬಲು ಚೆನ್ನಾಗಿವೆ! ನೀವೂ ಬರಬೇಕಿತ್ತು!"

"ಹಿಂದಿನ ಸೀಟಲ್ಲಿ ನಾವಿಲ್ಲ ಅಂತ ಗೊತ್ತಾಗಲಿಲ್ವೇನೋ!"

"ಬೆಟ್ಟದ ಹತ್ತಿರ ಇಳಿದ ಮೇಲೇ ಗೊತ್ತಾಗಿದ್ದು ಅಮ್ಮ. ದಾರಿಯಲ್ಲಿ ಮಾತಾಡಿಸಿದೆ. ಉತ್ತರ ಬರಲಿಲ್ಲ. ಹೋದ ವಾರದ ಕೋಪ ಇನ್ನೂ ಇದೆ ಅಂದ್ಕೊಂಡೆ."

"ಅಯ್ಯೋ ಪೆದ್ದೇ! ಇನ್ನು ಮೇಲೆ ಎಲ್ಲಿ ನಿಲ್ಲಿಸಿದರೂ ನಾವಿಬ್ಬರೂ ಬಾಯಿ ಬಿಟ್ಟು 'ಹೊರಡು' ಅನ್ನಬೇಕು. ಅಲ್ಲಿವರೆಗೂ ಗಾಡಿ ಒಂದು ಗೇಣು ಅಲ್ಲಾಡಬಾರದು! ತಿಳೀತಾ?"

"ತಿಳೀತು ಅಮ್ಮ. ಒಂದು ಗೇಣೂ ಅಲ್ಲಾಡಬಾರದು!"

ಮೂರನೆಯ ಶನಿವಾರ. ಹೆದ್ದಾರಿ ಬಿಟ್ಟು ಅಡ್ಡದಾರಿಗೆ ಇಳಿಯುವ ಕಡೆ ಕೆಂಪು ಬೋರ್ಡು. 'ನಿಲ್ಲು' ಅಂತಿತ್ತು. ತಿಪ್ಪೇಶ ನಿಲ್ಲಿಸಿದ. ಹಿಂದೆ ನೋಡಿದ. ಇಬ್ಬರೂ ಒಬ್ಬರ ಭುಜಕ್ಕೊಬ್ಬರು ಒರಗಿ ಗೊರಕೆ ಹೊಡೆಯುತ್ತಿದ್ದಾರೆ. ಎಬ್ಬಿಸು ಅಂತ ಯಾರೂ ಹೇಳಿರಲಿಲ್ಲ. ಕಾದ. ಹಿಂದೆ ಬಂದ ಕಾರಿನವರು ಬೈದರು, ಪಕ್ಕದಿಂದ ದಾಟಿ ಹೋದರು. ದನ ಸಾಗಿಸುವ ಲಾರಿಯವನೊಬ್ಬ ಇಳಿದು ಬಂದು, "ಕಾರು ಕೆಟ್ಟಿದೆಯಾ?" ಅಂತ ಕೇಳಿದ.

"ಇಲ್ಲ. ಅಮ್ಮ ಮಲಗಿದ್ದಾರೆ."

ಅವನು ಟೋಪಿ ಮುಟ್ಟಿ ಸದ್ದಿಲ್ಲದೆ ಹೋದ.

ತಾಯಿ ಎದ್ದಾಗ ಮಧ್ಯಾಹ್ನ ಮೀರಿತ್ತು. "ಬಂದ್ವೇನೋ?"

"ಇಲ್ಲ ಅಮ್ಮ. ನೀವು 'ಹೊರಡು' ಅನ್ನಲಿಲ್ಲ."

"ಹೊರಡು!" ಅಂದಳು ತಾಯಿ.

ಕಾರು ಅಲ್ಲಾಡಲಿಲ್ಲ. "ದೊಡ್ಡಮ್ಮನೂ ಅನ್ನಬೇಕು ಅಮ್ಮ."

ದೊಡ್ಡಮ್ಮನನ್ನು ಅಲ್ಲಾಡಿಸಿ ಎಬ್ಬಿಸಿ, ಅನ್ನಿಸಿ, ಹೊರಟರು. ಅಷ್ಟರಲ್ಲಿ ಬೆಟ್ಟದ ಮೇಲೆ ಮೋಡ ಕಟ್ಟಿ ಮಳೆ ಹೊಡೆದಿತ್ತು. ಕಲ್ಲಿನ ಬೆಟ್ಟ ಇನ್ನು ಕೂಗಳತೆ ಅನ್ನುವಾಗ ರಸ್ತೆಗೆ ಅಡ್ಡಲಾಗಿ ಹಳ್ಳ. ವರ್ಷವೆಲ್ಲ ಒಣಗಿ ಬಿದ್ದಿರುವ ಮರಳಿನ ಹಳ್ಳ ಅಂದು ಕೆಂಪಗೆ ಕುದಿಯುತ್ತ ಹರಿಯುತ್ತಿತ್ತು. ಎಲ್ಲ ಕಾರುಗಳೂ ತಿರುಗಿದವು. ಇವರೂ ತಿರುಗಿದರು.

ಸರ್ವಮಂಗಳಮ್ಮ ದಾರಿಯುದ್ದಕ್ಕೂ ಪಾಠ ಮಾಡಿದಳು, ಬಿ.ಎಸ್ಸಿ. ಓದಿದವಳಲ್ಲವೇ! "ಮರಳುಗಾಡಿನ ಹಳ್ಳ ನಂಬೋ ಹಾಗಿಲ್ಲ. ಎಲ್ಲೋ ಮಳೆ, ಇಲ್ಲಿ ನೀರು. ಮುಂದಿನ ವಾರ ಹಳ್ಳದ ಹತ್ತಿರ ನಿಲ್ಲಿಸು. ನೀರು ಇಳಿದದ್ದನ್ನು ಕಣ್ಣಾರೆ ನೋಡು. ಆಮೇಲೆ ದಾಟು! ಏನಂದೆ?"

"ನೀರು ಇಳಿದದ್ದನ್ನು ಕಣ್ಣಾರೆ ನೋಡು. ಆಮೇಲೆ ದಾಟು!"

"ಇನ್ನೊಂದೇ ಶನಿವಾರ ಮಂಗಳಾ," ಅಂದಳು ಅಕ್ಕ. "ಭಾನುವಾರ ನನ್ನ ವಿಮಾನ. ಕೇರಿಯೋರು ಕಾಯ್ತಾ ಇರ್ತಾರೆ."

ಕೊನೆಯ ಶನಿವಾರ ತಾಯಿ ನಿದ್ದೆ ಮಾಡಲಿಲ್ಲ. ಅಕ್ಕನಿಗೂ ಮಾಡಗೊಡಲಿಲ್ಲ. ಲಾರಿ ಪೋಂ ಅಂದರೆ ತಿಪ್ಪೇಶ ತಿರುಗಲಿಲ್ಲ. ಕೆಂಪು ಬೋರ್ಡು ಬಂದಾಗ ಇಬ್ಬರೂ ಒಟ್ಟಿಗೆ "ಹೊರಡು!" ಅಂದರು. ಎಲ್ಲ ಸರಿ! ಆಕಾಶ ತೊಳೆದಿಟ್ಟ ಹಾಗೆ. ಹಳ್ಳ ಬಂತು. ಎಲುಬಿನ ಹಾಗೆ ಒಣಗಿತ್ತು.

ತಿಪ್ಪೇಶ ನಿಲ್ಲಿಸಿದ. ಇಂಜಿನ್ ಆರಿಸಿದ. ಕೈ ಕಟ್ಟಿಕೊಂಡ.

"ಹೊರಡು!" ಅಂದರು ಇಬ್ಬರೂ.

"ನೀರು ಇಳಿದಿಲ್ಲ ಅಮ್ಮ."

"ನೀರೇ ಇಲ್ಲವಲ್ಲೋ!"

"ಹೂಂ. ಇನ್ನೂ ಬಂದಿಲ್ಲ. ಬರದೆ ಇಳಿಯೋದು ಹೇಗೆ?"

"ಅಯ್ಯೋ ದೇವರೇ! ಒಣಗಿದೆ ಕಣೋ, ದಾಟೋ!"

"ಇಳಿದದ್ದನ್ನು ಕಣ್ಣಾರೆ ನೋಡು ಅಂದಿದ್ದೀರಿ. ನಾನಿನ್ನೂ ನೋಡಿಲ್ಲ."

ಬೈದಳು, ಬೇಡಿಕೊಂಡಳು, ಕಣ್ಣಲ್ಲಿ ನೀರು ಹಾಕಿಕೊಂಡಳು. ಕಾರು ಅಲ್ಲಾಡಲಿಲ್ಲ. ಹೊತ್ತು ಏರಿತು, ಹೊತ್ತು ಇಳಿಯಿತು. ದಾಕ್ಷಾಯಿಣಮ್ಮ ಬಾಗಿಲು ತೆಗೆದು ಇಳಿದಳು.

"ಬಾರೇ ಮಂಗಳಾ. ಬೆಟ್ಟ ಅಲ್ಲೇ ಕಾಣ್ತೈತೆ. ಕಾಲು ಗಟ್ಟಿ ಐದಾವೆ, ನಡ್ಕಂಡೇ ದಾಟಾನ!"

ಅವಳು ಮರಳಿಗೆ ಕಾಲಿಟ್ಟಳು. ತಿಪ್ಪೇಶ ಓಡಿ ಬಂದ. ಹೇಳಿದ ಮಾತು ಹೇಳಿದ ಮಾತೇ! ದೊಡ್ಡಮ್ಮನನ್ನು ಮೂಟೆಯ ಹಾಗೆ ಎತ್ತಿಕೊಂಡು ದಡಕ್ಕೆ ತಂದ. ಒಂದು ಚಪ್ಪಲಿ ಮರಳಲ್ಲೇ ಉಳಿಯಿತು.

"ಇಳಿಸೋ ಕೋಣ! ಬಿಡೋ! ಮಂಗಳಾ, ಹೇಳೇ ನಿನ್ನ ಮಗನಿಗೆ!"

ಆಗ ಸದ್ದು ಕೇಳಿತು. ದೂರದಲ್ಲಿ ರೈಲು ಬಂದ ಹಾಗೆ. ರೈಲಲ್ಲ. ಕಾಣದ ಯಾವುದೋ ಬೆಟ್ಟದ ಹಿಂದೆ ಬಿದ್ದ ಮಳೆ ಹಳ್ಳದ ತಿರುವಿನಿಂದ ಎದ್ದು ಬಂತು. ಕೆಂಪು ನೀರು, ಆಳೆತ್ತರ, ಮುಂದೆ ಮರದ ಬುಡ ಉರುಳಿಸಿಕೊಂಡು. ಚಪ್ಪಲಿ ಇದ್ದ ಜಾಗ ಮುಳುಗಿತು. ದಾರಿ ಮುಳುಗಿತು. ದೊಡ್ಡಮ್ಮ ತಿಪ್ಪೇಶನ ಕತ್ತು ಬಿಡಲೇ ಇಲ್ಲ.

ಹಾಗೇ ತಂಗಿಯನ್ನು ಕೇಳಿದಳು, "ಇವನಿಗೆ ಗೊತ್ತಿತ್ತೇನೇ?"

ಸರ್ವಮಂಗಳಮ್ಮನ ಕತ್ತು ನೆಟ್ಟಗಾಗಿತ್ತು. "ನನ್ನ ಮಗ," ಅಂದಳು, "ಹೇಳಿದ ಮಾತು ಮೀರಲ್ಲ!"

ತಿಪ್ಪೇಶ ಕಣ್ಣು ಮಿಟುಕಿಸದೆ ನೀರನ್ನೇ ನೋಡುತ್ತಿದ್ದ. ಅದು ಬಂದಷ್ಟೇ ಬೇಗ ಇಳಿಯತೊಡಗಿತು. ಪೂರಾ ಇಳಿಯಿತು. "ನೋಡಿದೆ!" ಅಂದ. ದಾಟಿದ.

ಕಲ್ಲಿನ ಬೆಟ್ಟ ಸೇರಿದಾಗ ಸೂರ್ಯ ಮುಳುಗಿದ್ದ. ಒಂದರ ಮೇಲೊಂದು ಕಲ್ಲು, ಕಪ್ಪಗೆ, ಸಾಲಾಗಿ. ದಾಕ್ಷಾಯಿಣಮ್ಮ ಒಂದೇ ಚಪ್ಪಲಿಯಲ್ಲಿ ಕುಂಟುತ್ತ ಹೋಗಿ ಒಂದು ಬಂಡೆಗೆ ಅಂಗೈ ಒತ್ತಿ ನಿಂತಳು. ಬಿಸಿಲು ಕುಡಿದ ಕಲ್ಲು ಇನ್ನೂ ಬೆಚ್ಚಗಿತ್ತು.

"ಹೇಗಿದೆ ಅಕ್ಕಾ?"

"ಮಬ್ಬಲ್ಲಿ ಎಲ್ಲಾ ಕಲ್ಲೂ ಒಂದೇ," ಅಂದಳು ಅಕ್ಕ. ಕೈ ಮಾತ್ರ ತೆಗೆಯಲಿಲ್ಲ.

ಸರ್ವಮಂಗಳಮ್ಮನ ಮುಖ ಸಣ್ಣಗಾಯಿತು. ತೋರಿಸಿಯೂ ತೋರಿಸಿದ ಹಾಗಾಗಲಿಲ್ಲ.

ಭಾನುವಾರ ಬೆಳಗ್ಗೆ ಅವಳು ವಿಮಾನ ನಿಲ್ದಾಣಕ್ಕೆ ಹೋಗಲಿಲ್ಲ. ಬೀಳ್ಕೊಡುವಾಗ ಅವಳಿಗೆ ಅಳು ಬರುತ್ತದೆ, ನಾಲ್ಕು ಜನರ ಮುಂದೆ ಅಳುವವಳಲ್ಲ ಅವಳು. ಮಗನನ್ನು ಕರೆದಳು.

"ಇವತ್ತು ನನ್ನ ಮಾತು ಒಂದೂ ಬೇಡ. ದೊಡ್ಡಮ್ಮ ಹೇಳಿಕೊಟ್ಟ ಹಾಗೆ ನಡ್ಕೋ. ನನ್ನ ಮಗ ಎಂಥವನು ಅಂತ ಅವಳೂ ನೋಡಲಿ!"

"ಸರಿ ಅಮ್ಮ. ದೊಡ್ಡಮ್ಮ ಹೇಳಿಕೊಟ್ಟ ಹಾಗೆ!"

ಕಾರು ಹೋಯಿತು. ತಾಯಿ ಅತ್ತು, ಮುಖ ತೊಳೆದು, ಕಾಫಿಗೆ ಇಟ್ಟಳು. ಕಾರು ವಾಪಸ್ ಬಂದ ಸದ್ದು. ಬಾಗಿಲು ತೆಗೆದಳು. ಮಗ ನಿಂತಿದ್ದಾನೆ. ಅವನ ಪಕ್ಕದಲ್ಲಿ ದಾಕ್ಷಾಯಿಣಮ್ಮ!

"ಅಕ್ಕಾ! ವಿಮಾನ?"

"ಹೋಯ್ತು," ಅಂದ ತಿಪ್ಪೇಶ. "ದೊಡ್ಡಮ್ಮ ಒಳಗೆ ಹೊರಟಿದ್ದರು ಅಮ್ಮ. ಕನ್ನಡಕ ಮರೆತಿದ್ದರು. ಕೌಂಟರಿನ ಹುಡುಗಿ ಹಿಂದಿನಿಂದ 'ಮೇಡಂ!' ಅಂತ ಕೂಗಿದಳು. ಹೊರಟವರನ್ನು ಹಿಂದಿನಿಂದ ಕೂಗಿದರೆ ಏನು ಮಾಡಬೇಕು? ಮನೆಗೆ ವಾಪಸ್ ಬಂದು, ಕೂತು, ನೀರು ಕುಡಿದು ಹೊರಡಬೇಕು. ಕೂತ್ಕೊಳ್ಳಿ ದೊಡ್ಡಮ್ಮ, ನೀರು ತರ್ತೀನಿ!"

"ಅಯ್ಯೋ ಪೆ..." ಅಂತ ತಾಯಿ ಬಾಯಿ ತೆಗೆದಳು.

"ಬೈಬೇಡ ಕಣೇ!" ಅಂದಳು ಅಕ್ಕ. "ನಾನೇ ಹೇಳಿಕೊಟ್ಟಿದ್ದು. ಸಮುದ್ರ ದಾಟೋ ಪ್ರಯಾಣ, ಹಿಂದಿನಿಂದ ಕೂಗಿಬಿಟ್ರು, ನನಗೂ ಎದೆ ಝಲ್ ಅಂತು. ಅಲ್ಲೇ ಕುರ್ಚಿ ಮೇಲೆ ಕೂತು ನೀರು ಕುಡಿಯಾನ ಅಂದೆ. 'ಮನೆಗೆ ಅಂದಿದ್ದೀರಿ ದೊಡ್ಡಮ್ಮ' ಅಂದ. ಅಂದಿದ್ದು ಹೌದಲ್ಲ!"

ಕೂತಳು. ನೀರು ಕುಡಿದಳು. ಲೋಟ ಕೆಳಗಿಟ್ಟು, ಗೋಡೆ ನೋಡುತ್ತ ಅಂದಳು, "ಬೇರೆ ಟಿಕೀಟು ಶನಿವಾರ ಕಳೆದ ಮೇಲೆ ಮಾಡಿಸು. ಹಗಲು ಬೆಳಕಲ್ಲಿ ಆ ಕಲ್ಲು ಇನ್ನೊಂದ್ಸಲ ನೋಡ್ಬೇಕು. ನಾನು ಕೈಯಿಟ್ಟ ಬಂಡೆ, ಥೇಟ್ ನಮ್ಮಪ್ಪನ ಮನೆ ಹಿತ್ತಲ ಬಂಡೆ ಕಣೇ. ಕೇರಿಯೋರಿಗೆ ಸರಿಯಾಗಿ ಹೇಳ್ಬೇಕಲ್ಲ!"

ಸರ್ವಮಂಗಳಮ್ಮನ ಕತ್ತು ನೆಟ್ಟಗಾಯಿತು. ಹಿಂದೆಂದೂ ಆಗದಷ್ಟು ನೆಟ್ಟಗೆ. ನಕ್ಷೆ ತರಲು ಎದ್ದವಳು, ಬಾಗಿಲ ಬಳಿ ನೋಡಿ ನಿಂತಳು.

"ತಿಪ್ಪೇಶಾ, ದೊಡ್ಡಮ್ಮನ ಪೆಟ್ಟಿಗೆಗಳು ಎಲ್ಲೋ? ಸೀರೆ, ಒಡವೆ, ಮಾತ್ರೆ ಎಲ್ಲ ಅದರಲ್ಲೇ ಇತ್ತಲ್ಲೋ!"

"ಅವನ್ನು ಯಾರೂ ಹಿಂದಿನಿಂದ ಕೂಗಲಿಲ್ಲ ಅಮ್ಮ," ಅಂದ ತಿಪ್ಪೇಶ. "ಅವು ವಿಮಾನ ಹತ್ತಿ ಊರಿಗೆ ಹೋದವು."