ಮಣ್ಣು ಹತ್ತದ ಮಲ್ಲ

ಕೆಮ್ಮಟ್ಟಿ ಅಂತ ಒಂದು ರಾಜ್ಯ. ಎಲ್ಲಿದೆ ಅಂತ ಕೇಳಬೇಡಿ ಮಕ್ಕಳೇ, ನಮ್ಮಜ್ಜಿಯೂ ನೋಡಿರಲಿಲ್ಲ. ಆದರೆ ಅಲ್ಲಿನ ಗರಡಿಯ ವಾಸನೆ ಹೇಗಿತ್ತು ಅಂತ ಮಾತ್ರ ಕಂಡವಳ ಹಾಗೆ ಹೇಳುತ್ತಿದ್ದಳು. ಕೆಂಪು ಮಣ್ಣು, ಅದಕ್ಕೆ ಅರಿಶಿನ, ಮಜ್ಜಿಗೆ, ಬೇವಿನ ಸೊಪ್ಪಿನ ಪುಡಿ.

ಆ ಗರಡಿಯಲ್ಲಿ ಒಂದು ಪದ್ಧತಿ ಇತ್ತು. ಕಾಳಗಕ್ಕೆ ಇಳಿದವರು ಮೊದಲು ಒಂದೊಂದು ಹಿಡಿ ಮಣ್ಣೆತ್ತಿ ಎದುರಾಳಿಯ ಎರಡೂ ಹೆಗಲಿಗೆ ಸವರಬೇಕು. ಬೆವರಿದ ಮೈ ಜಾರಬಾರದು, ಅದಕ್ಕೆ. ಗೆದ್ದವನೂ ಬಿದ್ದವನೂ ಒಂದೇ ಮಣ್ಣಿನವರು ಅನ್ನೋದು ನೆನಪಿರಬೇಕು, ಅದಕ್ಕೂ. ಆಮೇಲೆ ಯಾರ ಬೆನ್ನಿಗೆ ಮಣ್ಣು ಹತ್ತುತ್ತದೋ ಅವನು ಸೋತ ಹಾಗೆ.

ಗರಡಿಯ ಉಸ್ತಾದ ಮಾರ್ತಂಡಪ್ಪ ಸಾಯುವಾಗ ಮೂರು ಮಕ್ಕಳನ್ನು ಬಿಟ್ಟುಹೋದ. ಹಿರಿಯವನು ಭರಮಣ್ಣ, ಅವನ ಮುಷ್ಟಿ ಬಿದ್ದರೆ ಎತ್ತು ಮಂಡಿಯೂರುತ್ತಿತ್ತು. ಎರಡನೆಯವನು ದ್ಯಾವಣ್ಣ, ಅವನ ಪಟ್ಟಿಗೆ ಸಿಕ್ಕವನಿಗೆ ಉಸಿರು ಬೇಕೆಂದರೂ ಅವನನ್ನೇ ಕೇಳಬೇಕು. ಕಿರಿಯವಳು ಬಾಳವ್ವ. ಅಣ್ಣಂದಿರಿಬ್ಬರೂ ಕಲಿಯುವಾಗ ಎದುರಿಗೆ ನಿಲ್ಲಲು ಬೇರೆ ಯಾರೂ ಸಿಗದೆ ಇವಳನ್ನೇ ನಿಲ್ಲಿಸುತ್ತಿದ್ದರು. ಹೀಗೆ ಪೆಟ್ಟನ್ನೂ ತಿಂದು ಪಟ್ಟನ್ನೂ ತಿಂದು ಅವಳಿಗೆ ಎರಡೂ ಬಂದಿದ್ದವು.

ಮೂವರೂ ಚೆನ್ನಾಗಿಯೇ ಇದ್ದರು. ರಾಜನಿಗೆ ಕೆಲಸವಿರಲಿಲ್ಲ, ಅದೇ ಕೆಟ್ಟಿದ್ದು. ಕೆಂಚರಾಯ ಅಂತ ಅವನ ಹೆಸರು. ಒಂದು ದಿನ ಊಟ ಮಾಡಿ ಕೈ ತೊಳೆಯುತ್ತಾ ಕೇಳಿದ: "ಅಲ್ಲಪಾ, ಪೆಟ್ಟು ದೊಡ್ಡದೋ, ಪಟ್ಟು ದೊಡ್ಡದೋ?"

ಭರಮಣ್ಣ ಎದೆಯುಬ್ಬಿಸಿದ. "ಪೆಟ್ಟರೀ! ವೈರಿ ಹತ್ರ ಬರೂದ್ರಾಗ ಮಲಗಿರ್ತಾನ. ಒಬ್ಬನ್ನ ತಬ್ಬಿಕೊಂಡು ಕುಂತ್ರ, ಹಿಂದಿನ ಇಬ್ಬರು ಬೆನ್ನು ಮುರೀತಾರ."

ದ್ಯಾವಣ್ಣ ನಕ್ಕ. "ಮುಷ್ಟಿ ತಪ್ಪಿದ್ರ? ಒಮ್ಮೆ ಒಳಗ ನುಗ್ಗಿ ನಡ ಹಿಡದ್ನಿ ಅಂದ್ರ, ಬೀಸಾಕ ಕೈಗೆ ಜಾಗಾನ ಇರಂಗಿಲ್ಲ."

ಮಾತಿಗೆ ಮಾತು ಬೆಳೆಯಿತು. ರಾಜನಿಗೆ ಮಜಾ. ಗರಡಿಯ ನಡುವೆ ಒಂದು ಗೋಡೆ ಕಟ್ಟಿಸಿದ. ಈ ಕಡೆ ಪೆಟ್ಟಿನವರು, ಆ ಕಡೆ ಪಟ್ಟಿನವರು. ಮೈ ಹಿಡಿಯದವರಿಗೆ ಮಣ್ಣೇಕೆ ಅಂತ ಭರಮಣ್ಣ ಮಣ್ಣು ಸವರುವ ಪದ್ಧತಿಯನ್ನೇ ಬಿಟ್ಟ. ಅಣ್ಣತಮ್ಮಂದಿರ ಮಾತು ನಿಂತಿತು. ಬಾಳವ್ವ ಮಾತ್ರ ರೊಟ್ಟಿ ಗಂಟು ಹಿಡಿದು ಗೋಡೆ ಸುತ್ತಿ ಎರಡೂ ಕಡೆ ಹೋಗುತ್ತಿದ್ದಳು.

ಆಗ ಬಂದ ಅವನು.

ಬಿಸಿಲು ಇಳಿದು ನೆರಳು ಉದ್ದವಾಗುವ ಹೊತ್ತು. ಊರ ನಾಯಿಗಳೆಲ್ಲ ಒಮ್ಮೆಗೇ ಸುಮ್ಮನಾದವು. ಎತ್ತರದ ಆಳು, ಮೈತುಂಬ ಹರಳೆಣ್ಣೆ, ಆರಿದ ದೀಪದ ವಾಸನೆ. ಅವನ ಹಿಂದೆ ನೆರಳು ಬಿದ್ದಿತ್ತು. ಒಂದಲ್ಲ ಮಕ್ಕಳೇ, ರಾಶಿ ನೆರಳು. ದಪ್ಪನೆಯದು, ಸಣ್ಣದು, ಕುಂಟುವುದು, ಪೇಟ ಸುತ್ತಿದ್ದು. ಅವನು ನಿಂತರೂ ಕೆಲವು ನೆರಳು ನಿಲ್ಲಲಿಲ್ಲ, ಮನೆಗೆ ಹೋಗಬೇಕೆನ್ನುವಂತೆ ಅಲುಗುತ್ತಲೇ ಇದ್ದವು.

"ನಿನ್ನ ಪ್ರಶ್ನೆಗೆ ಉತ್ತರ ನಾನು ಕೊಡ್ತೀನಿ, ರಾಜಾ. ನಿನ್ನ ಉಸ್ತಾದರನ್ನ ಕಳಿಸು. ಸೋತವನ ನೆರಳು ನನ್ನದು" ಅಂದ.

ರಾಜ ಹೊಟ್ಟೆ ಹಿಡಿದುಕೊಂಡು ನಕ್ಕ. "ನೆರಳೇನು ಉಣ್ಣಾಕ ಬರ್ತದ, ಉಡಾಕ ಬರ್ತದ? ತಗೊಂಡು ಹೋಗು!"

ಮೊದಲ ಸಂಜೆ ಭರಮಣ್ಣ ಇಳಿದ. ಹೊಡೆದ. ಮುಷ್ಟಿ ಎಣ್ಣೆಯ ಮೇಲೆ ಜಾರಿತು. ಮತ್ತೆ ಹೊಡೆದ, ಮತ್ತೆ ಜಾರಿತು. ಆ ಆಳು ಹಿಂದೆ ಸರಿಯಲಿಲ್ಲ, ತಿರುಗಿ ಹೊಡೆಯಲಿಲ್ಲ, ಎದೆಯೊಡ್ಡಿ ನಗುತ್ತಾ ನಿಂತ. ಹೊಡೆದು ಹೊಡೆದು ಭರಮಣ್ಣನ ಉಸಿರು ಕಟ್ಟಿದಾಗ ಒಂದೇ ಬೆರಳಿನಿಂದ ನೂಕಿದ. ಬೆನ್ನಿಗೆ ಮಣ್ಣು ಹತ್ತಿತು. ಒದ್ದೆ ಬಟ್ಟೆ ಕಲ್ಲಿನಿಂದ ಎದ್ದಂತೆ ಭರಮಣ್ಣನ ನೆರಳು ನೆಲದಿಂದ ಎದ್ದು ಆ ಗುಂಪಿಗೆ ಸೇರಿಕೊಂಡಿತು.

ಎರಡನೆಯ ಸಂಜೆ ದ್ಯಾವಣ್ಣ. ಪದ್ಧತಿಯಂತೆ ಹಿಡಿ ಮಣ್ಣೆತ್ತಿ ಮುಂದೆ ಬಂದ. ಆಗ ಆ ಆಳು ಒಂದು ಹೆಜ್ಜೆ ಹಿಂದೆ ಸರಿದ.

"ನಿಮ್ಮಣ್ಣ ಮಣ್ಣಿಲ್ಲದೆ ಆಡಿದ. ನಿನ್ನ ಪಟ್ಟಿಗೆ ಮಣ್ಣಿನ ಆಸರೆ ಬೇಕೇನು?"

ಆ ಮಾತು ದ್ಯಾವಣ್ಣನಿಗೆ ಚುರುಕ್ಕೆಂದಿತು. ಅಣ್ಣನಿಗಿಂತ ತಾನು ಕಡಿಮೆಯೇ? ಮಣ್ಣು ಚೆಲ್ಲಿದ, ನುಗ್ಗಿದ, ನಡು ಹಿಡಿದ. ಎರಡು ತೋಳೂ ಜರ್ರನೆ ಜಾರಿ ತನ್ನ ಭಾರಕ್ಕೆ ತಾನೇ ಮಗುಚಿ ಬಿದ್ದ. ಅವನ ನೆರಳೂ ಎದ್ದು ಹೋಯಿತು.

ನೆರಳು ಹೋದ ಮೇಲೆ ಏನಾಯಿತು ಗೊತ್ತೇ? ನೋವಿಲ್ಲ, ಜ್ವರವಿಲ್ಲ. ಸಾಕಿದ ನಾಯಿ ಅವರನ್ನು ಕಂಡು ಅಪರಿಚಿತರಿಗೆ ಬೊಗಳುವಂತೆ ಬೊಗಳಿತು. ಅವರ ದನಿ ಬರಿಗಡಿಗೆಯೊಳಗಿಂದ ಬಂದಂತೆ ಕೇಳಿಸಿತು. ಅವರು ನಡೆದರೆ ಧೂಳಿನಲ್ಲಿ ಹೆಜ್ಜೆ ಸರಿಯಾಗಿ ಮೂಡುತ್ತಿರಲಿಲ್ಲ. "ಹೆಜ್ಜಿ ಪೂರ್ತಿ ಮಾಸಿತು ಅಂದ್ರ ಮನುಷಾ ಉಳಿಯಂಗಿಲ್ಲವ್ವಾ" ಅಂತ ಊರ ಮುದುಕಿಯರು ಬಾಳವ್ವನ ಕೈ ಹಿಡಿದು ಅತ್ತರು.

ಬಾಳವ್ವನಿಗೆ ಎದೆ ಒಡೆದುಹೋಯಿತು. ಈ ಇಬ್ಬರನ್ನು ಬಿಟ್ಟರೆ ಅವಳಿಗೆ ಇನ್ಯಾರಿದ್ದರು? ಬೆಳಿಗ್ಗೆ ಎದ್ದವಳೇ ಅಖಾಡಕ್ಕೆ ಹೋಗಿ ನೋಡಿದಳು. ಅಣ್ಣಂದಿರು ಬಿದ್ದ ಗುರುತು ಇತ್ತು. ಆ ಆಳಿನ ಹೆಜ್ಜೆ ಒಂದೂ ಇರಲಿಲ್ಲ. ಅವನ ಕಾಲು ಮಣ್ಣಿಗೆ ತಾಗಿಯೇ ಇರಲಿಲ್ಲ.

ಅವಳು ಕುಕ್ಕರಿಸಿ ಕುಳಿತಳು. ದೊಡ್ಡಣ್ಣನ ಮುಷ್ಟಿಗೆ ಸರಿಯದವನು ಸಣ್ಣಣ್ಣನ ಹಿಡಿ ಮಣ್ಣಿಗೆ ಯಾಕೆ ಸರಿದ?

ಗೋಡೆಯ ಈ ಕಡೆ ಭರಮಣ್ಣ ಮಲಗಿದ್ದ, ಆ ಕಡೆ ದ್ಯಾವಣ್ಣ. ಬಾಳವ್ವ ಗೋಡೆಯ ಮೇಲೆ ಹತ್ತಿ ಕುಳಿತು ಕೂಗಿದಳು. "ಇಬ್ರೂ ಕೇಳ್ರಿ. ಅವ ಮಣ್ಣಿಗೆ ಹೆದರ್ತಾನ. ಮಣ್ಣು ಮುಟ್ಟಿಸೂದು ಹೆಂಗ?"

ಈ ಕಡೆಯಿಂದ ಭರಮಣ್ಣನ ತೆಳ್ಳಗಿನ ದನಿ ಬಂತು. "ಸವರಾಕ ಹೋದ್ರ ಸರೀತಾನವ್ವ. ಮುಷ್ಟಿಗೆ ಸರಿಯಂಗಿಲ್ಲ. ಮಣ್ಣನ್ನ ಮುಷ್ಟಿಯೊಳಗ ಇಟಗೊಂಡು ಹೋಗು. ಮೈಗೆ ತಾಗಿದ ಕೂಡ್ಲೆ ಕೈ ಬಿಚ್ಚು."

ಆ ಕಡೆಯಿಂದ ದ್ಯಾವಣ್ಣ ಅಂದ: "ಅಣ್ಣ ಹೇಳಿದ್ದು ಖರೆ. ಆದ್ರ ಬರೀ ಹೊಡದು ನಿಂತೀಯ ಅಂದ್ರ ಕೊಡವಿಕೊಂಡು ಹೋಗ್ತಾನ. ಮಣ್ಣು ಹತ್ತಿದ ಜಾಗಾನ ಹಿಡೀ. ಏನಾದ್ರೂ ಬಿಡಬ್ಯಾಡ."

ಗೋಡೆ ಕಟ್ಟಿದ ಮೇಲೆ ಅಣ್ಣತಮ್ಮ ಮಾತಾಡಿದ್ದು ಅದೇ ಮೊದಲು. ಬಾಳವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಇಳಿದಳು.

ಮೂರನೆಯ ಸಂಜೆ ಅವಳು ಕಚ್ಚೆ ಹಾಕಿ ಅಖಾಡಕ್ಕೆ ಬಂದಳು. ಎರಡೂ ಮುಷ್ಟಿ ಬಿಗಿಯಾಗಿದ್ದವು. ಅವನ ಹಿಂದೆ ಅಣ್ಣಂದಿರ ನೆರಳು ಕಂಡವು. ಅವಳನ್ನು ನೋಡಿ ಬೇಡ ಬೇಡವೆಂದು ತಲೆಯಾಡಿಸಿದವು.

"ಮಣ್ಣು ಕೊಡೋದಿಲ್ಲವೇನು, ಹುಡುಗೀ?"

"ನಾನು ದೊಡ್ಡಣ್ಣನ ಗರಡಿಯಾಕಿ. ನಮ್ಮಲ್ಲಿ ಆ ಪದ್ಧತಿ ಬಿಟ್ಟಾರ."

ಅವನು ನಕ್ಕು ಎದೆಯೊಡ್ಡಿದ. ಬಾಳವ್ವ ಹೊಡೆದಳು. ಬಲ ಮುಷ್ಟಿ ಎಡ ಹೆಗಲಿಗೆ ಬಿದ್ದು ಬಿಚ್ಚಿಕೊಂಡಿತು. ಅವನ ನಗು ನಿಂತಿತು. ಅವನು ಸರಿಯುವಷ್ಟರಲ್ಲಿ ಎಡ ಮುಷ್ಟಿ ಬಲ ಹೆಗಲಿಗೆ ಬಿದ್ದು ಬಿಚ್ಚಿಕೊಂಡಿತು. ಎಣ್ಣೆಯ ಮೇಲೆ ಕೆಂಪು ಮಣ್ಣು ಗಟ್ಟಿಯಾಗಿ ಮೆತ್ತಿತು. ಗರಡಿಯೆಲ್ಲ ಅರಿಶಿನ ಬೇವಿನ ವಾಸನೆ.

ಕೂಡಲೇ ಅವಳು ಆ ಹೆಗಲುಗಳನ್ನೇ ಹಿಡಿದಳು. ಅವನ ಮೈ ಬಾವಿಯ ತಳದಷ್ಟು ತಣ್ಣಗಿತ್ತು. ಅವಳ ಹಲ್ಲು ಕಟಕಟ ಅಂದವು. "ಬಿಡು" ಅಂದ, ಅಪ್ಪ ಮಾರ್ತಂಡಪ್ಪನ ದನಿಯಲ್ಲಿ. ಬಿಡಲಿಲ್ಲ. "ಬಿಡವ್ವಾ" ಅಂದ, ಭರಮಣ್ಣನ ದನಿಯಲ್ಲಿ. ಬಿಡಲಿಲ್ಲ. "ಸತ್ತೆ, ಬಿಡು ತಂಗೀ" ಅಂದ, ದ್ಯಾವಣ್ಣನ ದನಿಯಲ್ಲಿ. ಅವಳು ಅಳುತ್ತಳುತ್ತಲೇ ಪಟ್ಟು ಬಿಗಿ ಮಾಡಿದಳು. ಆಗ ಅವನ ಭಾರ ನೆಲಕ್ಕೆ ಇಳಿಯಿತು. ಮಣ್ಣಿನಲ್ಲಿ ಅವನ ಹೆಜ್ಜೆ ಮೂಡಿತು. ಕಾಲು ಕೊಟ್ಟು ಕೆಡವಿದಳು. ಬೆನ್ನಿಗೆ ಮಣ್ಣು ಹತ್ತಿತು.

ಬಿದ್ದವನ ಕಣ್ಣಲ್ಲಿ ಸಿಟ್ಟಿರಲಿಲ್ಲ. "ನಾನೂ ಮಲ್ಲನೇ" ಅಂದ. "ಎಣ್ಣೆ ಹಚ್ಚಿ ಮೋಸದಿಂದ ಗೆದ್ದೆ. ಯಾರಿಂದಲೂ ಮಣ್ಣು ಮುಟ್ಟಿಸಿಕೊಳ್ಳಲಿಲ್ಲ. ಸತ್ತ ಮೇಲೆ ಮಣ್ಣೂ ನನ್ನನ್ನ ಮುಟ್ಟಲಿಲ್ಲ."

ಬಾಳವ್ವ ಇನ್ನೊಂದು ಹಿಡಿ ಮಣ್ಣೆತ್ತಿ ಅವನ ಎದೆಯ ಮೇಲೆ ಹಾಕಿದಳು, ಸತ್ತವರಿಗೆ ಹಾಕುವ ಹಾಗೆ. ನೋಡನೋಡುತ್ತ ಅವನು ಮಣ್ಣಿನೊಳಗೆ ಇಳಿದುಹೋದ. ಒಂದು ಎಣ್ಣೆಯ ಕಲೆ ಉಳಿಯಿತು, ಅಷ್ಟೇ.

ನೆರಳುಗಳೆಲ್ಲ ಚದುರಿದವು. ಎರಡು ನೆರಳು ಓಡೋಡಿ ಬಂದು ಅಣ್ಣಂದಿರ ಕಾಲಿಗೆ ಅಂಟಿದವು, ನಾಯಿ ಬಾಲ ಅಲ್ಲಾಡಿಸಿತು. ಕೆಲವು ನೆರಳು ಮಾತ್ರ ಅಲ್ಲೇ ನಿಂತವು. ಅವುಗಳ ಮಂದಿ ಎಂದೋ ಸತ್ತುಹೋಗಿದ್ದರು. ಕತ್ತಲಾಗುವವರೆಗೆ ನಿಂತಿದ್ದು, ಆಮೇಲೆ ಕತ್ತಲಲ್ಲಿ ಕತ್ತಲಾದವು.

ಅಖಾಡದ ಅಂಚಿನಲ್ಲಿ ಹಾಕಿಸಿದ್ದ ಗದ್ದುಗೆಯ ಹಿಂದೆ ಅಡಗಿದ್ದ ರಾಜ ತಲೆ ಎತ್ತಿದ. ಬುದ್ಧಿ ಬಂದಿರಲಿಲ್ಲ. "ಹಂಗಾದ್ರ ಯಾವುದು ದೊಡ್ಡದವ್ವಾ?"

ಬಾಳವ್ವ ಹೇಳಿದಳು: "ಪೆಟ್ಟಿಲ್ಲಂದ್ರ ಅವನ ಹತ್ರ ಹೋಗಾಕ ಆಗ್ತಿರಲಿಲ್ಲ. ಪಟ್ಟಿಲ್ಲಂದ್ರ ಅವ ಕೈಯಾಗ ನಿಲ್ತಿರಲಿಲ್ಲ. ಮೊದಲು ಈ ಗ್ವಾಡಿ ಕೆಡವಸ್ರಿ ಸ್ವಾಮಿ."

ಭರಮಣ್ಣನ ಮುಷ್ಟಿ ಮೊದಲ ಇಟ್ಟಿಗೆ ಒಡೆಯಿತು. ದ್ಯಾವಣ್ಣನ ತೋಳು ಉಳಿದದ್ದನ್ನು ಬುಡಸಮೇತ ಕಿತ್ತಿತು.

ನೀತಿ ಇಷ್ಟೇ ಮಕ್ಕಳೇ. ಹೊಡೆಯುವ ವಿದ್ಯೆಯೂ ಬೇಕು, ಹಿಡಿಯುವ ವಿದ್ಯೆಯೂ ಬೇಕು. ನಡುವೆ ಗೋಡೆ ಕಟ್ಟಿದರೆ ಇಬ್ಬರ ಜಗಳದಲ್ಲಿ ಮೂರನೆಯವನು ಉಣ್ಣುತ್ತಾನೆ. ಮೋಸದಿಂದ ಗೆದ್ದವನಿಗೆ ಮಲಗಲು ಮಣ್ಣೂ ಸಿಗುವುದಿಲ್ಲ.

ಕಥೆ ಮುಗಿಯಿತು, ಏಳಿ, ಬಿಸಿಲು ಇಳಿಯುತ್ತಿದೆ. ಮನೆಗೆ ಹೋಗುವಾಗ ಅಣ್ಣತಮ್ಮಂದಿರು ಜಗಳವಾಡಬೇಡಿ. ಹಿಂದೆ ತಿರುಗಿ ನಿಮ್ಮ ನೆರಳು ಬರುತ್ತಿದೆಯೇ ಅಂತ ಒಮ್ಮೆ ನೋಡಿಕೊಳ್ಳಿ.