ಖಾಲಿ ಬಂದ ಕುಡಿಕೆ

"ಕೆಟ್ಟ ಸುದ್ದಿ ಬರದಿದ್ದರೆ ಎಲ್ಲವೂ ಸರಿಯಿದೆ ಎಂದುಕೊಳ್ಳುವುದರಲ್ಲಿ ತಪ್ಪೇನಿದೆ, ಗುರುಗಳೇ?" ಎಂದು ಸುಧನ್ವ ಕೇಳಿದ.

ಅವನು ವೆಬ್ ಸರ್ವರಿಗೆ ಒಂದು ಮಾಡ್ಯೂಲ್ ಬರೆದಿದ್ದ. ರಕ್ತ ಬೇಕೆಂದು ಆಸ್ಪತ್ರೆಗಳು ಕಳಿಸುವ ಕೋರಿಕೆಯನ್ನು ರಕ್ತನಿಧಿಗೆ ಮುಟ್ಟಿಸುವುದು ಅದರ ಕೆಲಸ. ಒಳಗಿನ ಪ್ರತಿಯೊಂದು ಫಂಕ್ಷನ್ನೂ ಕೆಲಸ ಮುಗಿಸಿ ಒಂದು ಅಂಕಿಯನ್ನು ಹಿಂತಿರುಗಿಸುತ್ತಿತ್ತು. ಸೊನ್ನೆ ಬಂದರೆ ಕೆಲಸ ಆಯಿತು, ಬೇರೆ ಅಂಕಿ ಬಂದರೆ ಕೆಟ್ಟಿತು ಎಂದರ್ಥ. ಕೋಡ್ ಪರಿಶೀಲಿಸುತ್ತಿದ್ದ ಶಂಭುಲಿಂಗಯ್ಯನವರ ಬೆರಳು ಒಂದು ಸಾಲಿನ ಮೇಲೆ ನಿಂತಿತ್ತು. ರಕ್ತನಿಧಿಯಿಂದ ಉತ್ತರವೇ ಬರದಿದ್ದಾಗಲೂ ಆ ಸಾಲು ಸೊನ್ನೆಯನ್ನೇ ಕೊಡುತ್ತಿತ್ತು. ಆಸ್ಪತ್ರೆಯವರಿಗೆ 'ತಲುಪಿದೆ' ಎಂದು ಕಾಣುತ್ತಿತ್ತು. ಸುಮ್ಮನೆ ಗಾಬರಿ ಹುಟ್ಟಿಸುವುದು ಬೇಡವೆಂದು ಹಾಗೆ ಬರೆದೆ, ಪರೀಕ್ಷೆಯಲ್ಲಿ ಒಮ್ಮೆಯೂ ತೊಂದರೆಯಾಗಿಲ್ಲ ಎಂದು ಸುಧನ್ವ ಹೇಳಿದ. ಗುರುಗಳು ಬೈಯಲಿಲ್ಲ. ಅವರು ಬೈಯದೆ ಕತೆ ಶುರುಮಾಡಿದರೆ ಗ್ರಹಚಾರ ನೆಟ್ಟಗಿಲ್ಲವೆಂದು ಶಿಷ್ಯರಿಗೆಲ್ಲ ಗೊತ್ತಿತ್ತು.

ಅವರು ಹೇಳಿದ ಕತೆ ಇದು.

ಒಬ್ಬಳು ಅಕ್ಕ, ಒಬ್ಬ ತಮ್ಮ. ಹೆತ್ತವರಿಲ್ಲ. ಅಕ್ಕನೇ ಎತ್ತಿ ಆಡಿಸಿ ಬೆಳೆಸಿದ ತಮ್ಮ; ಅವನೆಂದರೆ ಅವಳಿಗೆ ಪಂಚಪ್ರಾಣ. ಅವನು ಹೆತ್ತವರ ಹೆಸರಿನಲ್ಲಿ ಒಂದು ತಿಂಗಳ ಮೌನವ್ರತ ಹಿಡಿದು, ಊರಾಚೆಯ ಕೊರಕಲಿನ ತಳದಲ್ಲಿದ್ದ ಗವಿಯಲ್ಲಿ ಕೂತ. ಆ ಸೀಮೆಯ ಕಟ್ಟಳೆ ಹೀಗಿತ್ತು. ವ್ರತ ಮುಗಿಯುವ ತನಕ ಯಾರೂ ಕೆಳಗಿಳಿಯಬಾರದು, ಇಣುಕಿಯೂ ನೋಡಬಾರದು. ಮಧ್ಯಾಹ್ನ ಮೇಲಿನಿಂದ ಹಗ್ಗದಲ್ಲಿ ಬುತ್ತಿಯ ಕುಡಿಕೆ ಇಳಿಸಬೇಕು. ಕೆಳಗಿನಿಂದ ಹಗ್ಗ ಜಗ್ಗಿದಾಗ ಎಳೆದುಕೊಳ್ಳಬೇಕು. ಕುಡಿಕೆ ಖಾಲಿ ಬಂದರೆ ಕ್ಷೇಮ. ಒಳಗೆ ಕಲ್ಲು ಬಂದರೆ ಕೇಡು. ಆಗ ಮಾತ್ರ ಇಳಿಯಬಹುದು. ಮಗುವಿಗೂ ಅರ್ಥವಾಗುವ ಕಟ್ಟಳೆ.

ಮೊದಮೊದಲು ಕುಡಿಕೆಯ ತಳದಲ್ಲಿ ಕರಿಬೇವು ಉಳಿದಿರುತ್ತಿತ್ತು. ಚಿಕ್ಕಂದಿನಿಂದಲೂ ಅವನಿಗೆ ಅದೇ ಚಾಳಿ. ಎಷ್ಟು ಬೈದರೂ ಕರಿಬೇವನ್ನು ಆರಿಸಿ ಪಕ್ಕಕ್ಕಿಡುತ್ತಿದ್ದ. ಒಂದು ದಿನ ಕುಡಿಕೆ ನೆಕ್ಕಿ ತೊಳೆದ ಹಾಗೆ ಬಂತು. ಒಂದು ಎಸಳೂ ಇಲ್ಲ. ಅಕ್ಕನ ಎದೆ ಝಲ್ಲೆಂದಿತು. ಇಣುಕಿ ನೋಡಿಬಿಡಲೇ ಎಂದುಕೊಂಡಳು. ಆದರೆ ಕಲ್ಲು ಬಂದಿರಲಿಲ್ಲವಲ್ಲ. ಸುಮ್ಮನೆ ನೋಡಿದರೆ ತಮ್ಮನ ವ್ರತ ಕೆಡುತ್ತದೆ, ಊರಿನವರ ಬಾಯಿಗೂ ಬೀಳಬೇಕಾಗುತ್ತದೆ. ಹಸಿವು ಹೆಚ್ಚಿರಬೇಕು, ಪಾಪ, ಎಂದು ಮರುದಿನ ಒಂದು ಹಿಡಿ ಅಕ್ಕಿ ಜಾಸ್ತಿ ಹಾಕಿದಳು. ಅದೂ ಖಾಲಿ ಬಂತು. ಆಮೇಲೆ ಅವಳಿಗೆ ಅಂಜಿಕೆ ಹೋಯಿತು, ಹಿಗ್ಗು ಬಂತು. ನೆರೆಹೊರೆಯವರು ಕೇಳಿದರೆ, ಚೆನ್ನಾಗಿ ಉಣ್ಣುತ್ತಿದ್ದಾನೆ ಎನ್ನುತ್ತಿದ್ದಳು. ಹಗ್ಗವೂ ಮೊದಲಿಗಿಂತ ಜೋರಾಗಿ ಜಗ್ಗುತ್ತಿತ್ತು. ತಮ್ಮ ಮೈಕೈ ತುಂಬಿಕೊಂಡಿದ್ದಾನೆ ಎಂದು ಅವಳ ಎಣಿಕೆ.

ತಿಂಗಳು ತುಂಬಿದ ದಿನ ಊರಿನವರು ಹೂಮಾಲೆ ಹಿಡಿದು ಕೊರಕಲಿಗಿಳಿದರು. ಎಲ್ಲರಿಗಿಂತ ಮುಂದೆ ಅಕ್ಕ. ಗವಿಯ ಬಾಯಲ್ಲಿ ಒಂದು ಬಂಡೆ ಜಾರಿ ಬಿದ್ದಿತ್ತು. ತಮ್ಮನ ಎರಡು ಕಾಲೂ ಅದರಡಿ ಸಿಕ್ಕಿದ್ದವು. ಪ್ರಾಣ ಹೋಗಿ ಹೆಚ್ಚು ಹೊತ್ತಾಗಿರಲಿಲ್ಲ. ಕೈಗೆಟುಕಿದ ಹುಲ್ಲನ್ನೆಲ್ಲ ಬೇರುಸಹಿತ ಕಿತ್ತು ಅಗಿದಿದ್ದ. ಕೂಗಿದ್ದನೋ ಇಲ್ಲವೋ ಯಾರು ಬಲ್ಲರು. ಆ ಆಳದಿಂದ ಕೂಗು ಮೇಲೆ ಬರುವುದಿಲ್ಲ. ಕುಡಿಕೆ ಇಳಿಯುತ್ತಿದ್ದ ಜಾಗ ಅವನಿಗೆ ಒಂದು ಮಾರು ಆಚೆಗಿತ್ತು. ತೆರೆದ ಕಣ್ಣುಗಳು ಆ ಜಾಗವನ್ನೇ ನೋಡುತ್ತಿದ್ದವು. ಅತ್ತ ಚಾಚಿದ್ದ ಬಲಗೈ ಮುಷ್ಟಿ ಕಟ್ಟಿತ್ತು. ಅಕ್ಕ ಒಂದೊಂದೇ ಬೆರಳು ಬಿಡಿಸಿದಳು. ಒಳಗೆ ಕಲ್ಲಿತ್ತು.

ಮಣ್ಣು ಮಾಡಿ ಬಂದರು. ಅನ್ನವನ್ನು ನರಿ ತಿಂದಿರಬೇಕು, ಕೋತಿ ತಿಂದಿರಬೇಕು ಎಂದು ಒಬ್ಬೊಬ್ಬರು ಒಂದೊಂದು ಹೇಳಿದರು. ಕುಡಿಕೆ ಇಳಿಯುತ್ತಿದ್ದ ಕಡೆ ಮಣ್ಣು ಮೆತ್ತಗಿತ್ತು. ಅಲ್ಲಿ ಯಾವ ಪ್ರಾಣಿಯ ಹೆಜ್ಜೆಯ ಗುರುತೂ ಇರಲಿಲ್ಲ. ಆ ಮಾತನ್ನು ಯಾರೂ ಎತ್ತಲಿಲ್ಲ.

ಮರುದಿನ ಅಕ್ಕ ಅನ್ನಕ್ಕೆ ಎಸರಿಟ್ಟಳು. ದುಃಖಕ್ಕೆ ಬುದ್ಧಿ ಎಲ್ಲಿಯದು? ಮಧ್ಯಾಹ್ನ ಕುಡಿಕೆ ತುಂಬಿ ಕೊರಕಲಿಗೆ ಇಳಿಸಿ, ಅಳುತ್ತ ಕೂತಳು. ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಹಗ್ಗ ಜಗ್ಗಿತು. ಅಭ್ಯಾಸದ ಕೈ, ಎಳೆದುಕೊಂಡಿತು. ಕುಡಿಕೆ ಖಾಲಿಯಾಗಿತ್ತು. ಅವತ್ತಿನಿಂದ ಅವಳು ಆ ಕಡೆ ತಲೆ ಹಾಕಲಿಲ್ಲ, ಬೇರೆಯವರೂ ಹೋಗಲಿಲ್ಲ.

ಶಂಭುಲಿಂಗಯ್ಯ ಕತೆ ನಿಲ್ಲಿಸಿದರು. ಹಗಲು ಹೊತ್ತಿನಲ್ಲೇ ಸುಧನ್ವನಿಗೆ ಹೆದರಿಕೆಯಾಗಿತ್ತು.

"ಹಾಗಾದರೆ ಅಷ್ಟು ದಿನ ಉಂಡವರು ಯಾರು?" ಎಂದು ಕೇಳಿದ.

ಸೊನ್ನೆ ಕೊಡುತ್ತಿದ್ದ ಆ ಸಾಲು ಕಾಣುವಂತೆ ಗುರುಗಳು ಪರದೆಯನ್ನು ಅವನ ಕಡೆಗೆ ತಿರುಗಿಸಿದರು.

"ತಮ್ಮನ ಜೀವ ಇನ್ನೂ ಇದ್ದಾಗ ಕೇಳಬೇಕಾಗಿದ್ದ ಪ್ರಶ್ನೆ ಅದು."